ಕಾಪಿಟ್ಟ ಹೆಸರು

ಬೆಳಗಿನಿಂದ ಸರೋವರದ ಗಾಳಿ ಬಿಟ್ಟೂಬಿಡದೆ ಬೀಸುತ್ತಿತ್ತು. ಹುಲ್ಲುಮಾಡಿನ ತುದಿಗೆ ಹತ್ತಿದ ಗೆನ್, ಸತ್ತ ತಾಯಿಯ ನಾರಿನ ಅಂಗಿಯನ್ನು ಉತ್ತರದ ಕಡೆಗೆ ಬೀಸಿ ಕೂಗಿದ: "ನಾರವ್ವಾ, ಮನೆಗೆ ಬಾ!"

ಯಾರೋ ಕಿತ್ತುಕೊಳ್ಳುತ್ತಿದ್ದಂತೆ ಅಂಗಿ ಜಗ್ಗಿತು.

"ಎರಡಾಯ್ತು, ಇನ್ನೊಂದೇ ಕೂಗು," ಎಂದ ಕೆಳಗಿದ್ದ ಅಂಬಿಗ ದೂ. "ಹುಟ್ಟುಹೆಸರು ಹಿಡಿದು ಕರೆಯೋ ಮಾರಾಯ! ನಾರು ತೊಳೆಯೋಳು ಅಂತ ಊರು ಕಟ್ಟಿದ ಹೆಸರಿಗೆ ಜೀವ ಓಗೊಡುತ್ತಾ?"

"ಅವ್ವ ಹೇಳಿದ್ರೆ ತಾನೆ, ದೂ ಮಾವ? ಕೇಳಿದಾಗಲೆಲ್ಲ 'ಮರೆತೆ' ಅಂತಿದ್ಲು."

ಸತ್ತವರ ಅಂಗಿ ಬೀಸಿ ಮಾಡಿನ ಮೇಲಿಂದ ಮೂರು ಸಲ ಹೆಸರು ಕೂಗುವುದು ಊರಿನ ಪದ್ಧತಿ; ಮೂರನೆಯದೂ ತಪ್ಪಿದರೆ ಅವ್ವನ ಜೀವ ದಾರಿ ಕಾಣದೆ ಅಲೆಯಬೇಕು. ಹೊಳೆದಂಡೆಯಲ್ಲಿ ಅಳುತ್ತಿದ್ದ ಅನಾಥ ಗೆನ್‌ನನ್ನು ಎತ್ತಿ ಮನೆಗೆ ತಂದವಳು ಅವಳು.

"ಚೆಲುವೆಯ ಗುಡಿಗಾದ್ರೂ ಹರಕೆ ಹೊರು," ಎಂದ ದೂ. "ಸು ಲಿಯಾನ್ ನಮ್ಮೂರ ಹೆಣ್ಣು. ಅವಳ ನೆರಳು ಬಿದ್ರೆ ಮೀನು ನಾಚಿ ತಳ ಸೇರ್ತಿದ್ವು. ಸರೋವರದಲ್ಲಿ ಮುಳುಗಿ ದೇವತೆಯಾದೋಳು, ದಾರಿ ತೋರಿಸ್ತಾಳೆ."

"ಮೋಡದ ನೆರಳಿಗೂ ಮೀನು ತಳ ಸೇರ್ತಾವೆ ಅಂತ ಅವ್ವ ನಗ್ತಿದ್ಲು."

ಏಣಿಯ ಬುಡದಲ್ಲಿ ಕುಳಿತಿದ್ದ ನೆರೆಮನೆಯ ಪಾನ್ ಅಜ್ಜಿ ತಲೆಯೆತ್ತಲಿಲ್ಲ. ಇಷ್ಟು ವರ್ಷ ಕಟ್ಟಿದ ಬಾಯಿ ಬಿಚ್ಚಲು ಹೆದರುತ್ತಿತ್ತು.

*

ಎಷ್ಟೋ ವರ್ಷಗಳ ಹಿಂದೆ, ತನ್ನನ್ನು ಶತ್ರುರಾಜನಿಗೆ ಕಾಣಿಕೆಯಾಗಿ ಒಯ್ಯಲು ಬಂಡಿ ಬಂದ ದಿನ, ಸು ಲಿಯಾನ್ ಒದ್ದೆಗೈಯಲ್ಲೇ ಗೆಳತಿ ಪಾನ್‌ಳನ್ನು ತಬ್ಬಿದ್ದಳು. "ಅರಮನೇಲಿ ಬೇರೆ ಹೆಸರಿಡ್ತಾರಂತೆ ಕಣೆ. ನನ್ನದು ನಿನ್ನ ಹತ್ರ ಇರಲಿ."

ಯುದ್ಧ ಮುಗಿದು, ಆ ರಾಜ ಅಳಿದು, ಎಷ್ಟೋ ಕಾಲದ ಮೇಲೆ ಸಿಡುಬಿನ ಕಲೆಯ ಹೆಂಗಸೊಬ್ಬಳು ಹೊಳೆಗೆ ಬಂದಳು. ಸು ಲಿಯಾನ್ ಮುಳುಗಿ ಸತ್ತಳೆಂದು ನಂಬಿದ್ದ ಊರಿನಲ್ಲಿ ಯಾರೂ ಗುರುತಿಸಲಿಲ್ಲ. ಆದರೆ ನಾರನ್ನು ಎಡಕ್ಕೆ ತಿರುಚಿ ಹಿಂಡುವವಳು ಆ ಊರಿನಲ್ಲಿ ಒಬ್ಬಳೇ ಇದ್ದಳು.

"ತಗೊಳ್ಳೇ ನಿನ್ನ ಹೆಸರು," ಎಂದಿದ್ದಳು ಪಾನ್, ಪಕ್ಕದ ಕಲ್ಲಿನ ಮೇಲೆ ಕೂತು.

"ಈಗ ಬೇಡ. ನಮ್ಮ ಅರಮನೆಯೋರಿಗೆ ಅದಿನ್ನೂ ನೆನಪಿದೆ, ಕಿವಿಗೆ ಬಿದ್ರೆ ಮತ್ತೆ ಹಿಡ್ಕೊಂಡು ಹೋಗ್ತಾರೆ. ಸತ್ತ ದಿನ ಕೊಡು."

*

ಮೂರನೆಯ ಕೂಗಿಗೆ ಗೆನ್ ಉಸಿರೆಳೆದುಕೊಂಡ. ಅಜ್ಜಿ ಎದ್ದವಳೇ ಏಣಿ ಹತ್ತತೊಡಗಿದಳು.

"ಅಜ್ಜೀ, ಬಿದ್ರೆ ನಿನಗೂ ಒಬ್ರು ಮಾಡು ಹತ್ತಬೇಕಾಗುತ್ತೆ!" ಎಂದ ದೂ.

"ಬಾಯ್ಮುಚ್ಚೋ. ಸತ್ತೋಳನ್ನ ಯಾವ ರಾಜ ಹಿಡ್ಕೊಂಡು ಹೋಗ್ತಾನೆ?"

ಮಾಡಿನಂಚಿಗೆ ಬಾಗಿದ ಗೆನ್‌ನ ಕಿವಿಯಲ್ಲಿ ಅವಳು ಕಾಪಿಟ್ಟಿದ್ದನ್ನು ಮೆಲ್ಲಗೆ ಒಪ್ಪಿಸಿದಳು.

ಗೆನ್ ಒಮ್ಮೆ ಗುಡಿಯ ಕಡೆ ನೋಡಿದ. ಆಮೇಲೆ ಉತ್ತರಕ್ಕೆ ತಿರುಗಿ ಕೂಗಿದ: "ಸು ಲಿಯಾನ್! ಅವ್ವಾ, ಮನೆಗೆ ಬಾ!"

ದೂನ ಬಾಯಿ ತೆರೆದೇ ಇತ್ತು. ಗಾಳಿ ನಿಂತಿರಲಿಲ್ಲ; ಅಂಗಿ ಮಾತ್ರ ಜಗ್ಗುವುದನ್ನು ಬಿಟ್ಟು ಮಗನ ತೋಳಿನ ಮೇಲೆ ಒರಗಿತ್ತು.