ತುತ್ತೂರಿಯ ಉಸಿರು

ಕೊಳೆತದ್ದೂ ಅಲ್ಲ, ಹಸಿಯದ್ದೂ ಅಲ್ಲ, ತೊಳೆಯದೆ ಮುಚ್ಚಿಟ್ಟು ಮರೆತ ಪಾತ್ರೆಯ ಮುಚ್ಚಳ ತೆಗೆದಂಥ ವಾಸನೆ, ಇಳಿತಕ್ಕೆ ಸಮುದ್ರದ ನೀರು ಹಿಂದೆ ಸರಿದು ಬಯಲಾದ ಕೆಸರು ಹೀಗೇ ನಾರುವುದು ಅಂತ ಮದುವೆಯಾದ ವರ್ಷದಿಂದ ಗೊತ್ತು, ಆದರೂ ಪ್ರತಿ ಚಳಿಗಾಲ ಈ ಒಡ್ಡಿನ ಮೇಲೆ ಕಾಲಿಟ್ಟ ಕೂಡಲೇ ಮೂಗು ಏನಿದು ಅಂತ ಹೊಸದಾಗಿ ಕೇಳುತ್ತದೆ — ಗೆಳತಿ ತುತ್ತೂರಿಗೆ ಇದು ಸಿಗುತ್ತಿದೆಯೋ ಇಲ್ಲವೋ, ಮುಂದೆ ನಡೆಯುತ್ತಿದ್ದಾಳೆ, ಹೆಗಲ ಮೇಲೆ ಗಾಳದ ಕೋಲು, ಕೈಯಲ್ಲಿ ಹುಳುವಿನ ಡಬ್ಬಿ, ಗಂಡನ ಹಳೇ ರಬ್ಬರ್ ಬೂಟು ಲೊಚಕ್ ಲೊಚಕ್ ಅನ್ನುತ್ತಿದೆ, ಉಸಿರು ಮೂಗಿನ ದಾರಿಯನ್ನೇ ಬಿಟ್ಟ ಮೇಲೆ ವಾಸನೆ ಯಾವ ದಾರಿ ಹಿಡಿದು ಒಳಗೆ ಹೋಗಬೇಕು, ಕೇಳಬೇಕು, ಕೇಳಿದರೆ ಅವಳಿಗೆ ನೋವು, ಕೇಳದಿದ್ದರೆ ನನ್ನ ತಲೆಯೊಳಗಿನ ಹುಳ ಕೊರೆಯುವುದನ್ನು ಬಿಡುವುದಿಲ್ಲ. ಬೇಸಿಗೆಯಲ್ಲಿ ಅವಳ ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿ, ಕತ್ತಿನ ಬುಡದಲ್ಲಿ ಒಂದು ತೂತು ಮಾಡಿ, ಇನ್ನು ಉಸಿರಿಗೆ ಇದೊಂದೇ ಬಾಗಿಲು ಅಂದರಂತೆ ಡಾಕ್ಟರು, ಬಸ್ಸಿನ ಕಂಡಕ್ಟರ್ ಆಗಿ ಊರಿಡೀ ಕೇಳುವಂತೆ ಮುಂದೆ ಹೋಗಿ ಮುಂದೆ ಹೋಗಿ ಅಂತ ಕೂಗಿದವಳು, ಡ್ರೈವರುಗಳೇ ಹಾರ್ನ್ ಯಾಕೆ, ನಮ್ಮ ತುತ್ತೂರಿ ಇದ್ದಾಳಲ್ಲ ಅನ್ನುತ್ತಿದ್ದರು, ಹೆಸರು ಹಾಗೇ ಅಂಟಿತು, ಬಾಯಿ ಇದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಅಂತ ನಮ್ಮತ್ತೆ ಅವಳನ್ನು ನೋಡಿದಾಗಲೆಲ್ಲ ಹೇಳುವವರು, ಈಗ ಬಾಯಿ ಇದೆ, ತುಟಿ ಆಡುತ್ತದೆ, ಸದ್ದಿಲ್ಲ.

ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೋಲು ಎತ್ತಿ ತೋರಿಸಿ ತುಟಿಯಲ್ಲೇ ಬಾ ಅಂದಳು, ಇವರು ಪೇಪರಿನ ಮೇಲಿಂದ ಕಣ್ಣೆತ್ತಿ ಈ ಚಳಿಯಲ್ಲಾ ಅಂದರು, ಮೊಮ್ಮಕ್ಕಳಾಗುವ ವಯಸ್ಸಿನಲ್ಲಿ ಗಾಳ ಹಿಡಿದುಕೊಂಡು ಹೊರಟ ಹೆಂಗಸರನ್ನು ನಾನೆಲ್ಲೂ ಕಂಡಿಲ್ಲ ಅಂದರು, ಕಂಡಿರಲ್ಲ ಈಗ ಅಂದೆ ನಾನು, ಸ್ವೆಟರಿನ ಮೇಲೊಂದು ಸ್ವೆಟರು, ಅದರ ಮೇಲೆ ಶಾಲು, ಹೊಲಿಗೆ ಅಂಗಡಿಗೆ ಬೀಗ, ಹೋಗಲಿ, ಒಂದು ದಿನ ಯಾರದೋ ಕುಪ್ಪಸ ತಡವಾದರೆ ಪ್ರಪಂಚ ಮುಳುಗುವುದಿಲ್ಲ — ಆಪರೇಷನ್ ಆದ ಮೇಲೆ ಅವಳು ತಾನಾಗಿ ಕರೆದದ್ದು ಇದೇ ಮೊದಲು, ಹೇಗೆ ಬರುವುದಿಲ್ಲ ಅನ್ನಲಿ. ಒಡ್ಡಿನ ತುದಿಯಲ್ಲಿ ಹಲಗೆ ಹಾಕಿಕೊಂಡು ಕೂತಿದ್ದೇವೆ, ಹಿಂದೆ ಜೊಂಡು, ಮುಂದೆ ಕೆಸರಿನ ನಡುವೆ ಹಾವಿನಂತೆ ಹರಿದ ಕಾಲುವೆ, ಇನ್ನು ಸ್ವಲ್ಪ ಹೊತ್ತಿಗೆ ಇಳಿತ ತಿರುಗಿ ಉಬ್ಬರವಾಗುತ್ತದೆ, ನೀರಿನ ಜೊತೆ ಮೀನೂ ಒಳಗೆ ಬರುತ್ತದೆ, ಇಬ್ಬರ ಗಾಳದ ಬೆಂಡೂ ನಿಂತಲ್ಲೇ ನಿಂತಿವೆ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟೆ, ನಾನು ಊದಿ ಊದಿ ಕುಡಿದೆ, ಅವಳು ಲೋಟ ಕೈಯಲ್ಲಿ ಹಿಡಿದು ಕಾಯುತ್ತಿದ್ದಳು, ಯಾಕೆ ಕಾಯುತ್ತಾಳೆ ಅಂದುಕೊಂಡೆ, ಆಮೇಲೆ ಹೊಳೆಯಿತು, ಬಾಯಿಂದ ಗಾಳಿಯೇ ಬಾರದಿದ್ದರೆ ಊದುವುದು ಹೇಗೆ, ಸೀಟಿ ಊದುವುದು ಹೇಗೆ, ಸೀನು ಬಂದರೆ ಎಲ್ಲಿಂದ ಬರುತ್ತದೆ, ಅಳು ಬಂದರೆ, ಛೇ, ಇದೇನು ಯೋಚನೆ, ಆದರೂ — ನೆಗಡಿಯಾದರೆ? ಮೊದಲೆಲ್ಲ ನಾವು ಬಂದರೆ ಮೀನು ಸಿಗುತ್ತಲೇ ಇರಲಿಲ್ಲ, ಇವಳ ಮಾತಿಗೆ ಕಾಲುವೆಯ ಮೀನೆಲ್ಲ ಸಮುದ್ರದ ದಾರಿ ಹಿಡಿಯುತ್ತಿದ್ದವು, ಅತ್ತಿಗೆಯ ಜಗಳ, ಚಿಲ್ಲರೆ ಇಲ್ಲದ ಪ್ರಯಾಣಿಕರು, ಬಸ್ಸಿನಲ್ಲೇ ಹುಟ್ಟಿದ ಕೂಸು, ಸುಮ್ಮನಿರೇ ಮಾರಾಯ್ತಿ ಅಂತ ನಾನೇ ಬೇಡಿಕೊಳ್ಳುತ್ತಿದ್ದೆ, ಈಗ ಸುಮ್ಮನಿದ್ದಾಳೆ, ಬುಟ್ಟಿಯಲ್ಲಿ ಆಗಲೇ ಮೀನು ಮಿಡುಕುತ್ತಿದೆ, ಈ ಮೀನು ಬೇಡವಾಗಿತ್ತು. ಮಾತಾಡುವ ಯಂತ್ರವೊಂದನ್ನು ಕೊಟ್ಟಿದ್ದಾರೆ, ಟಾರ್ಚಿನ ಹಾಗೆ, ದವಡೆಯ ಕೆಳಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಮಾತು ಬರುತ್ತದಂತೆ, ನನ್ನೆದುರು ಒಮ್ಮೆಯೂ ಬಳಸಿಲ್ಲ, ಚೀಲದಲ್ಲೇ ಇರುತ್ತದೆ, ಆ ಧ್ವನಿ ಹೇಗಿರಬಹುದು, ಗಂಡಸಿನದೋ ಹೆಂಗಸಿನದೋ. ಆ ತೂತು ಮುಚ್ಚುವ ಕತ್ತಿನ ಬಟ್ಟೆ ನಾನೇ ಹೊಲಿದದ್ದು, ಅಳತೆಗೆ ಹೋದಾಗ ಗೋಡೆಯ ಕಡೆ ತಿರುಗಿ ತಾನೇ ಟೇಪು ಸುತ್ತಿಕೊಂಡು ಬೆರಳಿಟ್ಟು ತೋರಿಸಿದಳು, ಊರಿನ ಅರ್ಧ ಹೆಂಗಸರ ಕತ್ತು ಈ ಕೈಯಲ್ಲಿ ಅಳೆದಿದ್ದೇನೆ, ಇವಳದನ್ನು ನೋಡಲು ಬಿಡಲಿಲ್ಲ, ಆವತ್ತಿನಿಂದ ಅದೇ — ಎಷ್ಟು ದೊಡ್ಡದಿರಬಹುದು, ಅಂಚು ಹೇಗಿರಬಹುದು, ಗುಂಡಿಯ ತೂತಿಗೆ ಕಾಜಾ ಹಾಕಿದ ಹಾಗೆ ಸುತ್ತ ಹೊಲಿದಿರುತ್ತಾರೋ, ಧೂಳು ಹೋಗಬಾರದು ಅಂತ ಎರಡು ಪದರ ಇಟ್ಟು ಹಿಂದೆ ಲಾಡಿ ಬಿಗಿದು ಕಟ್ಟುವ ಹಾಗೆ ಮಾಡಿದೆ, ಚೆನ್ನಾಗಿದೆ ಅಂತ ಹೆಬ್ಬೆರಳು ಎತ್ತಿದಳು. ಕೊನೆಗೂ ಕೇಳಿಯೇಬಿಟ್ಟೆ, ಈ ಕೆಸರು ನಿನಗೆ ನಾರುತ್ತದೇನೇ ಅಂತ, ಅವಳು ನನ್ನನ್ನೇ ನೋಡಿದಳು, ಇಲ್ಲ ಅಂತ ತಲೆಯಾಡಿಸಿ, ಬೆರಳನ್ನು ಹಣೆಗೆ ಮುಟ್ಟಿಸಿದಳು, ನೆನಪಿದೆ ಅಂದಳೋ, ನಿನಗೆ ಬುದ್ಧಿಯಿಲ್ಲ ಅಂದಳೋ, ಅವಳ ಗಾಳ ಆ ಕಡೆ ಯಾವುದೋ ಬೇರಿಗೆ ಸಿಕ್ಕಿಕೊಂಡಿತ್ತು, ಬಿಡಿಸಿಕೊಂಡು ಬರುತ್ತೇನೆ ಅಂತ ಕೈಸನ್ನೆ ಮಾಡಿ ಜೊಂಡಿನ ಹಿಂದೆ ಹೋದಳು.

ಆಗಲೇ ನನ್ನ ಬೆಂಡು ಮುಳುಗಿತು, ಮೇಲೆ ಬಂತು, ಮತ್ತೆ ಮುಳುಗಿತು, ದೊಡ್ಡದೇ ಇರಬೇಕು, ಎಳೆಯಬೇಡ, ನುಂಗಲಿ, ಇನ್ನೂ ನುಂಗಲಿ — ಪಟ್, ಹಿಂದೆ ಏನೋ ಸದ್ದು, ನೀರಿಗೆ ಅಂಗೈಯಿಂದ ಹೊಡೆದ ಹಾಗೆ, ಪಟ್, ಪಟ್, ಯಾವ ಹಕ್ಕಿ ಇದು, ಕೊಕ್ಕರೆ ಹೀಗೆ ಸದ್ದು ಮಾಡುವುದಿಲ್ಲ, ನೀರುಕಾಗೆ ಮುಳುಗಿದರೆ ಸದ್ದೇ ಇಲ್ಲ, ದೊಡ್ಡ ಮೀನು ಆಳವಿಲ್ಲದ ಕಡೆ ಬಂದು ಬಾಲ ಬಡಿಯುತ್ತಿದೆಯೇ, ಎಷ್ಟು ದೊಡ್ಡದಿರಬೇಕು, ತುತ್ತೂರಿ ನೋಡಿರುತ್ತಾಳೆ, ಬಂದು ಕೈಯಗಲಿಸಿ ಅಳತೆ ತೋರಿಸುತ್ತಾಳೆ, ಪಟ್, ದಾರ ಬಿಗಿಯುತ್ತಿದೆ, ನೀರು ಬಣ್ಣ ಬದಲಿಸಿದೆ, ಉಬ್ಬರ ಬಂದಿದೆ, ಪಟ್ — ನಿಂತಿತು. ಯಾಕೆ ನಿಂತಿತು, ಹಾರಿದ್ದಾದರೆ ರೆಕ್ಕೆ ಸದ್ದಾಗಬೇಕಿತ್ತಲ್ಲ, ಮೇಲೆ ನೋಡಿದೆ, ಆಕಾಶದಲ್ಲಿ ಏನೂ ಇಲ್ಲ, ಕೆಳಗೆ ನೋಡಿದೆ, ನನ್ನ ಬೆಂಡಿನ ಪಕ್ಕದಲ್ಲೇ ಒಂದು ಗಾಳದ ಕೋಲು ತೇಲಿಕೊಂಡು ಬರುತ್ತಿದೆ, ಹಿಡಿಯಲ್ಲಿ ಕೆಂಪು ಬಟ್ಟೆ ಸುತ್ತಿದೆ, ಅವಳದು. ನನ್ನ ಕೋಲು ಬಿಸಾಡಿದೆ, ಓಡಿದೆ, ಅಲ್ಲ, ಹಲಗೆ ಎತ್ತಿಕೊಂಡು ಓಡಿದೆ, ಅದನ್ನು ಎತ್ತಿಕೊಳ್ಳಬೇಕೆಂದು ಯಾರು ಹೇಳಿದರೋ, ಜೊಂಡಿನ ಹಿಂದೆ ಕಾಲುವೆಯ ತಿರುವಿನಲ್ಲಿ ಎದೆಯ ತನಕ ಹೂತುಹೋಗಿದ್ದಾಳೆ, ಗದ್ದ ಆಕಾಶಕ್ಕೆ ಎತ್ತಿದ್ದಾಳೆ, ಒಂದು ಕೈಯಲ್ಲಿ ಜೊಂಡಿನ ಬುಡ, ಇನ್ನೊಂದು ಕೈಗೆ ಎತ್ತಲೂ ತ್ರಾಣವಿಲ್ಲ, ಹಕ್ಕಿಯಲ್ಲ, ಹಕ್ಕಿಯಲ್ಲ, ಇವಳು, ಕೂಗಲಾರದವಳು ಕೂಗಿದ್ದು, ನಾನು ಯಾವ ಹಕ್ಕಿ ಅಂತ ಕೂತಿದ್ದೆ — ನೀರು ಅವಳ ಬಾಯಿಗೆ ಬರಬೇಕಾಗಿಲ್ಲ, ಕತ್ತಿನ ಬುಡಕ್ಕೆ ಬಂದರೆ ಸಾಕು, ಬರುತ್ತಿದೆ, ಒಂದೊಂದು ಅಲೆಗೂ ಬರುತ್ತಿದೆ. ಹಲಗೆ ಕೆಸರಿನ ಮೇಲೆ ಹಾಕಿ ಹೊಟ್ಟೆಯ ಮೇಲೆ ತೆವಳಿದೆ, ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು, ಶಾಲನ್ನು ಅವಳ ಕಂಕುಳಿಗೆ ಸುತ್ತಿ ಗಂಟು ಹಾಕಿದೆ, ಅವಳ ಕಣ್ಣು ಅಷ್ಟಗಲ, ಕತ್ತಿನ ಬಟ್ಟೆ ಒದ್ದೆಯಾಗಿ ಅಂಟಿಕೊಂಡಿದೆ, ಉಸಿರೆಳೆದಾಗೆಲ್ಲ ಒಳಕ್ಕೆ ಗುಳಿ ಬೀಳುತ್ತದೆ, ಗಾಳಿ ಹೋಗುತ್ತಿಲ್ಲ, ನನ್ನ ಎರಡು ಪದರ, ನನ್ನ ಲಾಡಿ, ಗಂಟು ಬಿಚ್ಚಲು ಬೆರಳು ಮರಗಟ್ಟಿದೆ, ಹಲ್ಲಿನಿಂದ ಕಚ್ಚಿದೆ, ಉಪ್ಪು, ಕೆಸರು, ಅವಳ ಕೂದಲು, ದಾರ ಕಡಿಯುವ ಹಲ್ಲು ಇವು, ಕಡಿ, ಕಡಿ — ಹರಿಯಿತು, ಎಳೆದು ಎಸೆದೆ, ಉಸಿರು ಒಳಗೆ ಹೋದ ಸದ್ದು ಕೇಳಿತು, ಆಗ ಅದು ಎದುರಿಗೇ ಇತ್ತು, ಇಷ್ಟು ದಿನ ನೋಡಬೇಕು ನೋಡಬೇಕು ಅಂದುಕೊಂಡದ್ದು, ಕಣ್ಣಿಗೆ ಬಿತ್ತು, ನೋಡಲಿಲ್ಲ, ಎಳೆದೆ, ಕೆಸರು ಬಿಡಲೊಲ್ಲದು, ಕಾಲು ಬೂಟಿಂದ ಬಿಡಿಸಿಕೊಳ್ಳೇ ಅಂತ ಕಿರುಚಿದೆ, ಕೊನೆಗೆ ಎಮ್ಮೆ ಕಾಲೆತ್ತಿದಂಥ ಸದ್ದು ಮಾಡಿ ಕೆಸರು ಬೂಟುಗಳನ್ನು ಇಟ್ಟುಕೊಂಡು ಅವಳನ್ನು ಬಿಟ್ಟಿತು.

ಒಡ್ಡಿನ ಪಕ್ಕದ ಪಂಪಿನ ಕೋಣೆಯಲ್ಲಿ ಕೂತಿದ್ದೇವೆ, ಬಾಗಿಲಿಲ್ಲದ ಕೋಣೆ, ಒಣ ಜೊಂಡು ಉರಿಯುತ್ತಿದೆ, ಹೊಗೆಗೆ ಬೆನ್ನು ಮಾಡಿ ಕೂತಿದ್ದಾಳೆ, ಹೊಗೆ ಆ ತೂತಿಗೆ ಹೋಗಬಾರದು ಅಂತ ಇರಬೇಕು, ನನ್ನ ಒಂದು ಸ್ವೆಟರು ಅವಳ ಮೈಮೇಲೆ, ಕಾಲು ನನ್ನ ಮಡಿಲಲ್ಲಿ, ತಿಕ್ಕುತ್ತಿದ್ದೇನೆ, ಕೆಮ್ಮಿದಳು, ಬಾಯಿ ಮುಚ್ಚಿಕೊಂಡೇ ಕೆಮ್ಮಿದಳು, ಕತ್ತಿನಿಂದ ಕೆಸರು ನೀರು ಬಂತು, ಕರವಸ್ತ್ರ ಕೊಟ್ಟೆ, ಅವಳ ಮನೆಗೆ ಫೋನ್ ಮಾಡಲೇ ಅಂದರೆ ಬೇಡ ಅನ್ನುತ್ತಾಳೆ, ಆಸ್ಪತ್ರೆಗೆ ಅಂದರೆ ಹೂಂ ಅಂತ ತಲೆಯಾಡಿಸಿದಳು, ಆಟೋದವನಿಗೆ ಹೇಳಿದ್ದೇನೆ, ಒಡ್ಡಿನ ಆಚೆ ತುದಿಯಿಂದ ಬರಬೇಕು. ಚೀಲಕ್ಕೆ ಕೈ ಹಾಕಿ ಆ ಯಂತ್ರ ತೆಗೆದಳು, ದವಡೆಯ ಕೆಳಗೆ ಒತ್ತಿದಳು, ಡಬ್ಬಿಯೊಳಗೆ ಸಿಕ್ಕಿದ ಜೀರುಂಡೆಯ ಹಾಗೆ ಗುಂಯ್ ಅಂದು ಅದು ಮಾತಾಯಿತು, ನಿನ್ನ ಮೀನು ಏನಾಯ್ತೇ. ನಗು ಬಂತು, ಅಳುವೂ ಬಂತು, ಗಂಡಸಿನದೂ ಅಲ್ಲ ಹೆಂಗಸಿನದೂ ಅಲ್ಲ, ಆದರೆ ಕೊನೆಯ ಆ ಏ ಎಳೆಯುವುದು ಅವಳದೇ, ಬಸ್ಸಿನಲ್ಲಿ ಹುಡುಗಿಯರಿಗೆ ಮುಂದೆ ಹೋಗೇ ಅನ್ನುವಾಗಿನ ಏ. ಮೀನು ಹಾಳಾಗಲಿ ಅಂದೆ, ನೀನು ನೀರಿನ ಹತ್ತಿರ ಹೋಗಬಾರದು ಅಂತ ಡಾಕ್ಟರು ಹೇಳಿರಲಿಲ್ಲವಾ ಅಂದೆ, ಮತ್ತೆ ಒತ್ತಿದಳು, ಹೇಳಿದ್ರು, ನಿಂಗೆ ಹೇಳಿದ್ರೆ ನೀನು ಬರ್ತಿರ್ಲಿಲ್ಲ, ಇಷ್ಟು ದಿನ ಎಲ್ಲರೂ ನನ್ನನ್ನ ಮನೇಲಿ ಕೂರಿಸಿ ನೋಡಿಕೊಂಡ್ರು ಕಣೇ, ಒಬ್ಬರೂ ಎಲ್ಲಿಗೂ ಕರೀಲಿಲ್ಲ. ನಾನೂ ಕರೆಯಲಿಲ್ಲ, ಪಾದ ತಿಕ್ಕಿದೆ, ಕಣ್ಣು ಮಾತ್ರ ತಾನಾಗಿ ಅವಳ ಕತ್ತಿನತ್ತ ಹೋಯಿತು, ಅಂಚಿನಲ್ಲಿ ಒಂದು ಕೆಸರಿನ ಹನಿ, ಕಾಜಾ ಅಲ್ಲ, ಹೊಲಿಗೆಯೇ ಕಾಣದು, ಒಳಗಿನ ಚರ್ಮವೇ ಮಡಚಿಕೊಂಡು ಹೊರಗೆ ಬಂದ ಹಾಗಿದೆ, ತುಟಿಯ ಹಾಗೆ, ತಟ್ಟನೆ ಕಣ್ಣು ಕೆಳಗಿಳಿಸಿದೆ, ಸಿಕ್ಕಿಬಿದ್ದೆ. ಯಂತ್ರ ಗುಂಯ್ ಅಂದಿತು, ನಿಂಗೆ ನೋಡ್ಬೇಕಿತ್ತಲ್ವಾ, ನೋಡು. ಯಂತ್ರ ಕೆಳಗಿಟ್ಟಳು, ನನ್ನ ಕೈಯನ್ನು ತನ್ನ ಪಾದದಿಂದ ಬಿಡಿಸಿ ಎತ್ತಿದಳು, ಒದ್ದೆ ಕೈ, ಉಗುರಿನ ತುಂಬ ಕೆಸರು, ಅಂಗೈ ಬಿಡಿಸಿ ಕತ್ತಿನ ಮುಂದೆ ಹಿಡಿದಳು, ಮುಟ್ಟಿಸಲಿಲ್ಲ, ಒಂದು ಬೆರಳಿನಷ್ಟು ದೂರ, ಚಳಿಯಲ್ಲಿ ಅಲ್ಲಿಂದ ಬಿಳಿ ಹಬೆ ಬಂತು, ಬಾಯಿಂದಲ್ಲ, ಅಲ್ಲಿಂದ, ಅಂಗೈಯ ನಡುವೆ ಬಿಸಿ ತಾಗಿತು, ನಿಂತಿತು, ಒಳಗೆಳೆದಾಗ ಅದೇ ಜಾಗ ತಣ್ಣಗಾಯಿತು, ಏನು ಕೇಳಬೇಕೆಂದಿದ್ದೆ ನಾನು, ಸೀನು, ನೆಗಡಿ, ಏನೋ, ಮತ್ತೆ ಹಬೆ, ಮತ್ತೆ ಅಂಗೈಯಲ್ಲಿ ಬಿಸಿ, ತಂಪು, ಆಟೋದ ಸದ್ದು ಎಲ್ಲೋ, ಹಬೆ, ಬಿಸಿ, ತಂಪು, ಹಬೆ, ಬಿಸಿ