ಹಂಡೆಯೊಳಗಿನ ಜಾಲಿ ಬೇರು

ಶೇವಂತೆವ್ವ ಅಂಗಳದಲ್ಲೇ ನಿಂತು ಮೂಗು ಅರಳಿಸಿದಳು. ಹಿತ್ತಲಿನಿಂದ ಜಾಲಿ ಚಕ್ಕೆ ಕುದಿಯುವ ವಾಸನೆ ಬರುತ್ತಿತ್ತು.

"ಟ್ರಂಕ ಕಟ್ಟಿ ಮ್ಯಾಲ ಇರ್ಲಿ. ಒಳಗ ಒಯ್ಯಬ್ಯಾಡ," ಎಂದಳು ಮಗಳಿಗೆ.

ಬಾಣಂತನ ಮುಗಿಸಿ ಮಗಳು ಇಂದ್ರಾಬಾಯಿಯನ್ನೂ ಕೂಸನ್ನೂ ಮುದ್ದೇಬಿಹಾಳದ ಅಳಿಯನ ಮನೆಗೆ ಬಿಡಲು ಯಂಕಂಚಿಯಿಂದ ಬಂದಿದ್ದಳು. ಬಿಡುವುದೋ, ತಿರುಗಿ ಕರೆದೊಯ್ಯುವುದೋ ಎಂಬುದು ಈಗ ಆ ವಾಸನೆಯ ಮೇಲೆ ನಿಂತಿತು.

ಅದು ಅವಳಿಗೆ ಹೊಸ ವಾಸನೆಯಲ್ಲ. ಗಂಡ ಸೋಮನಿಂಗ ಹಳ್ಳದ ದಂಡೆಯಲ್ಲಿ ಜಾಲಿ ಚಕ್ಕೆ, ಕೆಟ್ಟ ಬೆಲ್ಲ ಕೊಳೆಹಾಕಿ ಕಳ್ಳಭಟ್ಟಿ ಇಳಿಸುತ್ತಿದ್ದ. ಮಾರಿದ್ದಕ್ಕಿಂತ ಕುಡಿದದ್ದೇ ಹೆಚ್ಚು. ಕುಡಿದೇ ಸತ್ತ. ಬೀಗರಿಗೆ ಮಾತ್ರ ಜ್ವರ ಬಂದು ಹೋದ ಎಂದು ಹೇಳಿ ಮಗಳ ಲಗ್ನ ಮಾಡಿದ್ದಳು.

ನೆರೆಮನೆಯ ಪೀರಬಿ ಗೋಡೆಯ ಮೇಲಿಂದ ಇಣುಕಿದಳು. "ಬಂದ್ಯಾ ಯಕ್ಕಾ? ಚಲೋ ಆತು. ನಿನ್ನ ಅಳಿಯಾ ದವಾಖಾನಿಯಿಂದ ಬಂದಾವನ ಒಲಿ ಹಚ್ಚತಾನ. ಏನ ಕುದಸ್ತೀಪಾ ಅಂದ್ರ 'ಮೀನಿಗೆ' ಅಂತಾನ!"

"ಮೀನ ಎದರ ಜೋಡಿ ತಿಂತಾರಂತ ನನಗ ಗೊತ್ತಿಲ್ಲೇನು?" ಎಂದು ಶೇವಂತೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ನಡೆದಳು.

ಅಳಿಯ ಸಿದ್ದರಾಯ ದನದ ದವಾಖಾನೆಯಲ್ಲಿ ಕಂಪೌಂಡರ. ಒಲೆಯ ಮೇಲೆ ಹಂಡೆ ಇತ್ತು. ಹಂಡೆಯ ಬಾಯಿಗೆ ಹಸಿ ಗೋಣಿತಟ್ಟು, ಅದರ ಮೇಲೊಂದು ಕಲ್ಲು. ಬಚ್ಚಲ ಮೋರಿಯಲ್ಲಿ ಕೆಂಪು ನೀರು ಹರಿದ ಕಲೆ. ಅತ್ತೆಯನ್ನು ಕಂಡವನೇ ಎದ್ದು ಹಂಡೆಗೆ ಅಡ್ಡ ನಿಂತ.

"ಅತ್ತಿಯಾರ! ಸಂಜಿ ಬಸ್ಸಿಗೆ ಬರ್ತೀರಂದ್ಕೊಂಡಿದ್ನಿ..."

"ಲಗೂ ಬಂದದ್ದ ತಪ್ಪಾತೇನ್ರಿ? ಏನೈತಿ ಒಳಗ?"

"ಏನಿಲ್ರಿ. ಬರೇ ಕಟಗಿ."

"ಕಟಗಿ ಒಲಿಯೊಳಗ ಹಾಕ್ತಾರ. ಹಂಡೆದಾಗ ಯಾರ ಹಾಕ್ತಾರ?"

"ಮೀನಿನ ಪೆಟಗಿಯೊಳಗ ಇಡಾಕ್ರಿ. ಹೊಳಿ ಇಳಿದ ಮ್ಯಾಲ ತಂಗಡಗಿ ದಂಡ್ಯಾಗ ಈ ಜಾಲಿ ಬೇರ ಸಿಕ್ತು. ಹಂಗ ಇಟ್ರ ತೇಲತೈತಿ, ಬಣ್ಣಾ ಬಿಡತೈತಿ. ಕುದಸೂದು, ನೀರ ಚೆಲ್ಲೂದು, ಮತ್ತ ಕುದಸೂದು."

"ಚೆಲ್ತೀರೋ, ಬಾಟ್ಲಿಗೆ ತುಂಬ್ತೀರೋ?"

ಅವಳು ಕಲ್ಲು ಸರಿಸಿ ತಟ್ಟು ಕಿತ್ತಳು. ತಂಬಿಗೆ ಅದ್ದಿದಳು. "ಬ್ಯಾಡ್ರಿ, ಹೊಲಸೈತಿ," ಎಂದು ಅವನು ಕೈ ಅಡ್ಡ ಹಿಡಿದದ್ದೇ ಅವಳ ಸಂಶಯದ ಬೆಂಕಿಗೆ ಎಣ್ಣೆ ಸುರಿದಂತಾಯಿತು. ಊದಿ ಊದಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ನಾಲಿಗೆ ಮುದುಡುವಷ್ಟು ಒಗರು. ಗಂಟಲು ಸುಡಲಿಲ್ಲ. ಆದರೂ ನಂಬಲಿಲ್ಲ. ಬೆಲ್ಲ ಬೀಳುವುದು ಆಮೇಲೆ ತಾನೇ?

"ಎಲ್ಲೈತಿ ನಿಮ್ಮ ಮೀನು? ತೋರಸ್ರಿ."

ಪಡಸಾಲೆಯ ಮೇಜಿನ ಮೇಲೆ ಹಳೆಯ ಧೋತರ ಹೊದಿಸಿದ ಏನೋ ಇತ್ತು. ಸಿದ್ದರಾಯ ಹಿಂದೆಮುಂದೆ ನೋಡಿದ. ಅವಳೇ ಧೋತರ ಎಳೆದಳು. ಗಾಜಿನ ಪೆಟ್ಟಿಗೆ. ಒಳಗೆ ಚಹಾದಂಥ ನೀರು; ಅದರಲ್ಲಿ ಕಿರುಬೆರಳಿನಷ್ಟು ಮೀನುಗಳು ದಿಕ್ಕು ತಪ್ಪಿದವರ ಹಾಗೆ ಓಡಾಡುತ್ತಿದ್ದವು.

"ವರ್ಗಾ ಆಗಿ ಹೋದ ಡಾಕ್ಟರು ಕೊಟ್ಟ ಹೋದ್ರು," ಎಂದ ಸಿದ್ದರಾಯ ತಲೆ ಕೆರೆಯುತ್ತ. "ಮೀನಿಗೆ ಅಡಗಾಕ ಜಾಗಾ ಆಗಲಿ ಅಂತ ಬೇರ ಮೊದ್ಲ ಕುದಸದ ಹಂಗ ಇಟ್ನಿ. ನೀರ ಹಿಂಗಾತು. ಯಾರರ ನೋಡಿ ನಗ್ತಾರಂತ ಮುಚ್ಚಿದ್ನಿ."

ಶೇವಂತೆವ್ವ ಹಿತ್ತಲಿಗೆ ಮರಳಿದಳು. ಅವನೂ ಹಿಂದೆಯೇ ಬಂದ. ಇಕ್ಕಳದಿಂದ ಬೇರನ್ನು ಎತ್ತಿ ಕಲ್ಲಿನ ಮೇಲೆ ಹಾಕಿ, ಕವಲಿನ ಸಂದಿಗೆ ಬೆರಳು ತೋರಿಸಿದಳು.

"ನೋಡ್ರಿಲ್ಲೆ. ಚಕ್ಕಿ ಉಳದೈತಿ. ಇದ ಇರೂತನಾ ಎಷ್ಟ ಕುದಿಸಿದ್ರೂ ಕೆಂಪ ನಿಲ್ಲಂಗಿಲ್ಲ. ಜಾಲಿ ಬಣ್ಣ ಚಕ್ಕ್ಯಾಗ ಇರತೈತಿ."

ಸಿದ್ದರಾಯ ಬೇರು ನೋಡಲಿಲ್ಲ, ಅತ್ತೆಯ ಮುಖ ನೋಡಿದ.

"ನಿಮಗ ಹೆಂಗ ಗೊತ್ತ್ರಿ? ಅಂಗಳದಾಗ ನಿಂತ ವಾಸನಿ ಹಿಡದ್ರಿ. ಬಾಯಾಗ ಹಾಕಿ ಪರೀಕ್ಷಾ ಮಾಡಿದ್ರಿ. ಮಾವಾರು ಜ್ವರದಿಂದ ಹೋದ್ರು ಅಂದಿದ್ರಲ್ಲ?"

ಬಾಗಿಲಲ್ಲಿ ನಿಂತಿದ್ದ ಇಂದ್ರಾಬಾಯಿ ಕೂಸಿನ ಮೇಲೆ ಸೆರಗೆಳೆದು ತಲೆ ತಗ್ಗಿಸಿದಳು. ಕರೆದೊಯ್ಯಲೇ ಬಿಡಲೇ ಎಂಬ ಮಾತು ಈಗ ಶೇವಂತೆವ್ವನ ಕೈಯಲ್ಲಿ ಉಳಿದಿರಲಿಲ್ಲ. ಸುಳ್ಳೊಂದು ನಾಲಿಗೆಯ ತುದಿಗೆ ಬಂತು. ಬಾಯಿಯ ಒಗರು ಇನ್ನೂ ಇಳಿದಿರಲಿಲ್ಲ.

"ಜ್ವರಾ ಅಲ್ರಿ, ಸೆರಿ! ತಾನ ಇಳಿಸಿ ತಾನ ಕುಡದು ಸತ್ತಾ. ಖರೇ ಹೇಳಿದ್ರ ನನ್ನ ಮಗಳನ್ನ ತಗೋತಿದ್ರೇನು?"

ಸಿದ್ದರಾಯ ಅಂಗಳಕ್ಕೆ ಹೋದ. ಟ್ರಂಕು ಎತ್ತಿದ ಸದ್ದು ಕೇಳಿತು. ಬೀದಿಗೆ ಎಸೆಯುತ್ತಾನೆಂದೇ ಅವಳು ಧಾವಿಸಿದಳು. ಅವನು ಅದನ್ನು ಹೆಗಲಿಗೇರಿಸಿಕೊಂಡು ಒಳಗೆ ಬರುತ್ತಿದ್ದ.

ಹಾದು ಹೋಗುವಾಗ ಶೇವಂತೆವ್ವ ಅವನ ಅಂಗಿಯ ವಾಸನೆ ನೋಡಿದಳು. ಬರೀ ಮೀನಿನ ವಾಸನೆ.

"ಚೂರಿ ಎಲ್ಲಿಟ್ಟೀರಿ?" ಎಂದು ಕೂಗಿದಳು. "ಚಕ್ಕಿ ಕೆರೀಬೇಕು."