ಎರಡೂರಿನ ಹೈಸ್ಕೂಲು

ಮುನಿಕೃಷ್ಣಮ್ಮ ಹೂವನ್ನು ಎಂದೂ ಒಂದೇ ಕಡೆಗೆ ಹಾಕಿದವಳಲ್ಲ. ಅರ್ಧ ಯಲಹಂಕದಲ್ಲಿ ಹೂವಿನ ಅಂಗಡಿ ಇಟ್ಟಿದ್ದ ಜೈಬುನ್ನೀಸಾಗೆ, ಅರ್ಧ ಮಲ್ಲೇಶ್ವರದ ಮಾರ್ಕೆಟ್ಟಿಗೆ. ಒಬ್ಬರು ಕೈಕೊಟ್ಟರೂ ಇನ್ನೊಬ್ಬರು ಇದ್ದೇ ಇದ್ದಾರೆಂಬ ಧೈರ್ಯ. ಸಿಂಗಾಪುರವೆಂಬ ಈ ಹಳ್ಳಿಗೆ ಸೊಸೆಯಾಗಿ ಬಂದ ಮೇಲೆ ಈ ಬುದ್ಧಿಯಿಂದಲೇ ಅವಳು ಸಂಸಾರ ತೂಗಿಸಿಕೊಂಡು ಬಂದಿದ್ದಳು. ಅದೇ ಬುದ್ಧಿ ಮಗಳ ಒಂದು ವರ್ಷವನ್ನು ನುಂಗಿಹಾಕುತ್ತದೆಂದು ಯಾರು ಎಣಿಸಿದ್ದರು?

ಅದು ಎಪ್ಪತ್ನಾಲ್ಕನೇ ಇಸವಿ. ಮಗಳು ದ್ರೌಪದಿ ಏಳನೇ ತರಗತಿ ಪಾಸಾಗಿದ್ದಳು. ಮುಂದೆ ಓದಬೇಕಾದರೆ ಯಲಹಂಕಕ್ಕೇ ಹೋಗಬೇಕು. ಸೈಕಲ್ಲಿದ್ದ ನಾಲ್ಕು ಗಂಡುಹುಡುಗರು ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಅಷ್ಟು ದೂರ ಯಾರೂ ಕಳಿಸುತ್ತಿರಲಿಲ್ಲ. ಮುನಿಕೃಷ್ಣಮ್ಮನ ಗಂಡನೂ ಬೇಡವೆಂದು ಒಂದೇ ಮಾತಿನಲ್ಲಿ ಮುಗಿಸಿದ್ದ. ಅಷ್ಟರಲ್ಲಿ ಈ ಕಡೆಗೆ ಸರ್ಕಾರ ಒಂದು ಹೈಸ್ಕೂಲು ಕೊಡುತ್ತದೆಂಬ ಸುದ್ದಿ ಬಂತು. ಕೊಟ್ಟರೆ ಸಿಂಗಾಪುರಕ್ಕೆ, ಇಲ್ಲವೇ ಕೆರೆಯಾಚೆಯ ಕೆಂಚೇನಪಾಳ್ಯಕ್ಕೆ. ಪಾಳ್ಯ ಮುನಿಕೃಷ್ಣಮ್ಮನ ತವರು. ಅಲ್ಲಿ ಅವಳ ಅಣ್ಣ ಮುನಿವೆಂಕಟಯ್ಯನದೇ ಯಜಮಾನಿಕೆ.

ಅರಳಿಕಟ್ಟೆಯಲ್ಲಿ ಎರಡೂರಿನ ಸಭೆ ಸೇರಿತು. ಮಕ್ಕಳೆಲ್ಲ ಓದಬೇಕು, ಹೆಣ್ಣುಮಕ್ಕಳೂ ಓದಬೇಕು ಎಂಬಲ್ಲಿ ಯಾರದೂ ತಕರಾರಿರಲಿಲ್ಲ. ತಕರಾರೆಲ್ಲ ಎಲ್ಲಿ ಓದಬೇಕು ಎಂಬುದರ ಮೇಲೆ.

"ನಮ್ಮೂರಾಗೆ ಜಾಗ ಐತೆ, ನೀರೈತೆ," ಎಂದರು ಸಿಂಗಾಪುರದ ಹಿರಿಯರಾದ ನರಸಯ್ಯ. "ನಿಮ್ಮೂರಾಗೆ ಏನೈತಯ್ಯಾ ಮುನಿವೆಂಕಟಾ? ಬರೀ ಬಂಡೆ!"

"ಬಂಡೆ ಮ್ಯಾಲೇ ಗೋಡೆ ಗಟ್ಟಿಯಾಗಿ ನಿಲ್ಲೋದು. ನಿಮ್ಮ ಜಾಗದಾಗೆ ಒಂದು ಮಳೆ ಬಿದ್ರೆ ಮೊಣಕಾಲುದ್ದ ನೀರು. ಐಕ್ಳು ಓದ್ತಾವೋ, ಮೀನು ಹಿಡೀತಾವೋ?"

ಜನ ಗೊಳ್ಳೆಂದರು. ಹೀಗೇ ಮೂರು ಸಭೆ ಮುಗಿದವು. ಕೊನೆಗೆ ಇಲಾಖೆಯ ಇನ್‌ಸ್ಪೆಕ್ಟರ್ ವೀರಬಸಪ್ಪನವರು ಒಂದು ದಾರಿ ಹೇಳಿದರು. ಎಂಟನೇ ತರಗತಿಗೆ ಸೇರುವ ಮಕ್ಕಳ ಪಟ್ಟಿಯನ್ನು ಎರಡೂರಿನವರೂ ಕೊಡಲಿ, ಹೆಸರು ಹೆಚ್ಚಿದ್ದ ಊರಿಗೆ ಸ್ಕೂಲು.

ಮುನಿಕೃಷ್ಣಮ್ಮ ಬೆಳಿಗ್ಗೆ ನರಸಯ್ಯನವರ ಹತ್ತಿರ ದ್ರೌಪದಿಯ ಹೆಸರು ಬರೆಸಿದಳು. ಸಂಜೆ ಕೆರೆ ಏರಿ ದಾಟಿ ತವರಿಗೆ ಹೋಗಿ, ಅಣ್ಣನ ಪಟ್ಟಿಗೂ ಅದೇ ಹೆಸರು ಕೊಟ್ಟಳು.

"ನಿಮ್ಮೂರಾಗೆ ಬರಸಿಲ್ವೇನಮ್ಮ?" ಎಂದ ಅಣ್ಣ.

"ನನ್ ಮಗಳು ನನ್ ತವರಾಗೆ ಓದ್ಲಿ ಬಿಡಣ್ಣ."

ಅಣ್ಣನ ಮುಖ ಅರಳಿತು. ಮರುದಿನ ಬಾವಿಕಟ್ಟೆಯಲ್ಲಿ ಅವಳು ಉಳಿದ ಹೆಂಗಸರಿಗೂ ಗುಟ್ಟಾಗಿ ಹೇಳಿಕೊಟ್ಟಳು: "ಎರಡು ಕಡೇನೂ ಬರಸ್ರೇ. ಎಲ್ಲಿ ಬಂದ್ರೂ ನಮ್ಮ ಐಕ್ಳಿಗೆ ಒಂದು ಜಾಗ ಇರ್ತದೆ." ಹೆಣ್ಣು ಕೊಟ್ಟು ತಂದು ಮಾಡಿದ ಊರುಗಳು. ಆಚೆಯೂರಿನಲ್ಲಿ ತವರೋ ನಾದಿನಿಯೋ ಇಲ್ಲದ ಮನೆ ಎರಡರಲ್ಲೂ ಇರಲಿಲ್ಲ. ಮಾತು ಎರಡೂರಿಗೂ ಹಬ್ಬಿ, ಹೆಚ್ಚುಕಡಿಮೆ ಎಲ್ಲರೂ ಬರೆಸಿದರು.

ಜೂನಿನಲ್ಲಿ ವೀರಬಸಪ್ಪನವರು ಬಂದು ಕಟ್ಟೆಯ ಮೇಲೆ ಎರಡೂ ಪಟ್ಟಿಗಳನ್ನು ಹರಡಿದರು. "ಏನ್ರೀ ಇದು? ಸಿಂಗಾಪುರದ್ದರಾಗ ನಲವತ್ತೈದು ಹೆಸರು, ಪಾಳ್ಯದ್ದರಾಗ ನಲವತ್ತಾರು. ಅದರಾಗ ನಲವತ್ತು ಹೆಸರು ಎರಡೂ ಕಡೆ ಅದಾವ! ಒಂದ ಹುಡುಗಿ ಎರಡು ಊರಿನ ಸಾಲಿಗೆ ಹೆಂಗ ಹೋಗ್ತಾಳ್ರೀ? ಎರಡೂ ಪಟ್ಟಿ ಸುಳ್ಳು ಅಂತ ಬರದು ಕಳಸ್ತೀನಿ."

"ಇದು ಪಾಳ್ಯದೋರ ಕಿತಾಪತಿ!" ಎಂದು ನರಸಯ್ಯ ಎದ್ದರು. "ಕಿತಾಪತಿ ನಿಮ್ದೇ!" ಎಂದು ಮುನಿವೆಂಕಟಯ್ಯ ಪಂಚೆ ಎತ್ತಿ ಕಟ್ಟಿದ. ಇನ್ನೊಂದು ಮಾತಿಗೆ ಕೈಕೈ ಮಿಲಾಯಿಸುವುದರಲ್ಲಿದ್ದರು.

ಹೆಂಗಸರ ಗುಂಪಿನಿಂದ ಮುನಿಕೃಷ್ಣಮ್ಮ ಎದ್ದು ನಿಂತಳು. "ಸ್ವಾಮಿ, ನನ್ ಮಗಳ ಎಸರು ಎರಡು ಕಡೆ ಬರಸಿದ್ದು ನಾನು. ಇವರಿಗೆಲ್ಲ ಯೋಳ್ಕೊಟ್ಟಿದ್ದೂ ನಾನೇ."

ಅಣ್ಣ ತಿರುಗಿ ನೋಡಿದ. "ತವರಿಗೇ ಮೋಸ ಮಾಡಿದ್ಯೇನಮ್ಮ?"

"ಮೋಸ ಅಲ್ಲಣ್ಣ, ಆಸೆ." ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ಎರಡು ಕಿತ ಬರಸಿದ್ದು ತಪ್ಪೇಯ. ಆದ್ರೆ ಎಲ್ಲಿ ಕಟ್ಟಿದ್ರೂ ಕಳಿಸ್ತೀವಿ ಅಂತ ತಾನೇ ಸ್ವಾಮಿ ಅದ್ರ ಅರ್ಥ? ಊರಿನ ಎಸರು ಬೇಕಾಗಿರೋದು ಈ ಗಂಡಸ್ರಿಗೆ. ನಮಗೆ ಬೇಕಾಗಿರೋದು ಇಸ್ಕೂಲು."

ವೀರಬಸಪ್ಪನವರು ಪೆನ್ನಿನ ಮುಚ್ಚಳ ಹಾಕಿದರು. "ನೀ ಹೇಳೂದು ಖರೆ ಅದ ತಂಗಿ. ಎರಡೂರವರೂ ಕೂಡಿ ಒಂದ ಪಟ್ಟಿ, ಒಂದ ಜಾಗ ಬರಕೊಡ್ರಿ, ನಾ ಮುಂದ ಕಳಸ್ತೀನಿ. ಆದ್ರ ಈ ವರ್ಷದ ಗಡುವು ಮುಗೀತು. ಇನ್ನ ಬರೂ ಜೂನಿಗೇ."

ಕೆರೆ ಏರಿಯ ಪಕ್ಕ, ಎರಡೂರಿನ ಎಲ್ಲೆಯ ಮೇಲೆ ಕಟ್ಟುವುದೆಂದು ಗಂಡಸರು ಅಂದೇ ಒಪ್ಪಿಕೊಂಡರು. ನಗುನಗುತ್ತ ಬೀಡಿ ಹಚ್ಚಿದರು. ಬರುವ ಜೂನ್ ಎಂದರೆ ಎಷ್ಟು ದೂರವೆಂದು ತಿಳಿದಿದ್ದು ಅಮ್ಮನ ಹಿಂದೆ ನಿಂತಿದ್ದ ದ್ರೌಪದಿಗೆ ಮಾತ್ರ.

ಆ ವರ್ಷವೆಲ್ಲ ಹುಡುಗಿ ಕನಕಾಂಬರ ಕಟ್ಟಿದಳು. ಮೊದಮೊದಲು ಸಂಜೆಹೊತ್ತು ಹಳೆಯ ಪಾಠಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. "ಗೋಡೆ ಎಷ್ಟಕ್ಕೆ ಬಂತಮ್ಮ?" ಎಂದು ದಿನಾ ಕೇಳುತ್ತಿದ್ದಳು. ಸುಣ್ಣದ ಗೆರೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ಕೇಳುವುದನ್ನು ಬಿಟ್ಟಳು. ಪುಸ್ತಕಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟಳು. ಯುಗಾದಿಯ ಹೊತ್ತಿಗೆ ಗೋಡೆ ಎದ್ದಾಗ ಹುಡುಗಿ ಆ ಕಡೆ ತಲೆಯನ್ನೇ ಎತ್ತಲಿಲ್ಲ.

"ಏನ್ ಕೈ ಅಮ್ಮಾ ನಿನ್ನ ಮಗಳ್ದು! ಮಿಷನ್ನು ಕಣಮ್ಮ!" ಎಂದು ಜೈಬುನ್ನೀಸಾ ಹೊಗಳಿದಳು. ಆ ದಿನ ಮುನಿಕೃಷ್ಣಮ್ಮನಿಗೆ ಊಟ ಸೇರಲಿಲ್ಲ. ತಾನು ಎರಡು ಕಡೆ ಆಸೆಪಡದೆ ಸುಮ್ಮನಿದ್ದಿದ್ದರೆ ಈ ಕೈಯಲ್ಲಿ ಈಗ ಏನಿರುತ್ತಿತ್ತು ಎಂದು ಅವಳು ನೆನೆಯದ ದಿನವೇ ಇರಲಿಲ್ಲ.

ಕಡೆಗೂ ಜೂನ್ ಬಂತು.

"ನಾನ್ ಓಗಲ್ಲಮ್ಮ," ಎಂದಳು ದ್ರೌಪದಿ. "ನನ್ ಜೊತೇವೆಲ್ಲ ಓದು ಬಿಟ್ಟವೆ. ಈಗ ಬರೋವೆಲ್ಲಾ ನನಗಿಂತ ಚಿಕ್ಕವು. ನಂಗೆ ಎಲ್ಲಾ ಮರ್ತೋಗೈತೆ."

"ಮರ್ತಿದ್ರೆ ಇನ್ನೊಂದು ಕಿತ ಕಲಿ. ಒಂದೇ ಒಂದು ದಿನ ಓಗವ್ವ. ಮನಸ್ಸಿಗೆ ಇಡಿಸದಿದ್ರೆ ಮಧ್ಯಾಹ್ನ ಉಣ್ಣೋ ಒತ್ಗೆ ಬಂದ್ಬಿಡು. ನಾನು ಒಂದು ಮಾತೂ ಅನ್ನಲ್ಲ."

ಹುಡುಗಿ ಹೋದಳು. ಮುನಿಕೃಷ್ಣಮ್ಮ ಒಬ್ಬಳೇ ಹೂವಿನ ರಾಶಿಯ ಮುಂದೆ ಕೂತಳು. ದಾರಿಯಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ಬೆರಳು ನಿಲ್ಲುತ್ತಿತ್ತು. ದೇವರೇ, ಇವಳಾಗದಿರಲಿ.

ಮಧ್ಯಾಹ್ನದ ಗಂಟೆ ಕೆರೆ ಏರಿಯ ಕಡೆಯಿಂದ ಕೇಳಿತು. ಎದ್ದು ಬಂದು ಬೇಲಿ ಹಿಡಿದು ನಿಂತಳು. ಏರಿಯ ಮೇಲೆ ಮಕ್ಕಳು ಸಾಲಾಗಿ ಬರುತ್ತಿದ್ದವು. ಎಲ್ಲವೂ ಕುಳ್ಳಗಿನವು. ಎತ್ತರದ ತಲೆ ಒಂದೂ ಇರಲಿಲ್ಲ.

"ದ್ರೌಪದಕ್ಕ ಅಲ್ಲೇ ಬೋರ್ಡ್ ಮ್ಯಾಲಿಂದು ಬರ್ಕಂತಾವ್ಳೆ," ಎಂದಿತು ಮುಂದೆ ಬಂದ ಒಂದು ಹುಡುಗಿ. "ಮುದ್ದೆ ಕಳಿಸ್ಬೇಕಂತೆ."

ಬೆಳಗಿನಿಂದ ಬಾರದಿರಲಿ ಎಂದು ಬೇಡಿಕೊಂಡಿದ್ದವಳಿಗೆ, ಬಾರದ ಮಗಳನ್ನು ಈಗಲೇ ನೋಡಬೇಕು ಎನಿಸಿತು. ಒಳಗೆ ಹೋಗಿ ಮುದ್ದೆ ಕಟ್ಟಿಕೊಂಡಳು, ಹೂವಿನ ಮೇಲೆ ಒದ್ದೆ ಗೋಣಿ ಹೊದಿಸಿ ಏರಿಯ ಕಡೆ ನಡೆದಳು.